ಕಲ್ಲಿನ ಮೇಲೆ ಅಣ್ಣನ ಹೆಸರು

ಪುಣೆ,
೧೨ ಸಪ್ಟೆಂಬರ್ ೧೯೫೪

ಅಣ್ಣಾ,

ನಮಗೆ ಕ್ವಾರ್ಟರ್ಸ್ ಸಿಕ್ಕಿತು, ಎರಡು ಕೋಣೆ, ಒಂದು ಪಡಸಾಲೆ, ಹಿತ್ತಲಲ್ಲಿ ನಮ್ಮದೇ ನಳ, ಮತ್ತು ಅಡಿಗೆಮನೆಯ ಕಿಟಕಿ ತೆರೆದರೆ ಕಣ್ಣು ಹೋದಷ್ಟು ದೂರ ಹೂವಿನ ತೋಟ. ಇವರ ಓವರಸಿಯರ್ ಕೆಲಸ ಖಾಯಂ ಆಯಿತು. ನಿನ್ನೆ ಸಾಮಾನು ಸಾಗಿಸಿದೆವು. ಸಾಮಾನು ಅಂದರೆ ಒಂದು ಟ್ರಂಕು, ಒಂದು ಸ್ಟೋವು, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಮತ್ತು ಕುರಿಹಟ್ಟಿಯ ಸಂಗವ್ವ ಮದುವೆಯಲ್ಲಿ ಕೊಟ್ಟ ಕಂಬಳಿ. ಅಷ್ಟಕ್ಕೇ ಇವರು ಎರಡು ಟಾಂಗಾ ಮಾಡಿಸಿದರು. ಒಂದು ಸಾಮಾನಿಗೆ, ಒಂದು ನನಗಂತೆ.

ತೋಟದ ಸುದ್ದಿ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮಹಾಯುದ್ಧದಲ್ಲಿ ಸತ್ತ ಸಿಪಾಯಿಗಳ ನೆನಪಿಗೆ ಮಾಡಿದ ತೋಟ ಇದು. ಗುಲಾಬಿಯ ಪಾತಿ, ಕತ್ತರಿಸಿದ ಹುಲ್ಲು, ನಡುವೆ ಕೆಂಪು ಮಣ್ಣಿನ ದಾರಿ, ದಾರಿಯ ಎರಡೂ ಕಡೆ ಸಾಲಾಗಿ ಬಿಳಿ ಕಲ್ಲುಗಳು. ಒಂದೊಂದು ಕಲ್ಲಿಗೂ ಒಬ್ಬನ ಹೆಸರು, ಊರು, ಸತ್ತ ದಿನ, ವಯಸ್ಸು. ಅವ್ವ ಹೆದರುವುದು ಬೇಡ, ಕೆಳಗೆ ಯಾರೂ ಇಲ್ಲ. ಸತ್ತವರ ಮೈಯೆಲ್ಲ ಬರ್ಮಾದ ಕಡೆಯ ಕಾಡಿನಲ್ಲೇ ಉಳಿಯಿತು, ಇಲ್ಲಿಗೆ ಬಂದದ್ದು ಹೆಸರು ಮಾತ್ರ. ಹೆಸರು ಇಂಗ್ಲಿಷಿನಲ್ಲಿ ಇರುವುದರಿಂದ ಮಾಲಿಗಳ ಹೆಂಡಂದಿರು ನನ್ನನ್ನು ಕರೆದುಕೊಂಡು ಹೋಗಿ ಓದಿಸುತ್ತಾರೆ. ಅಪ್ಪ ಸೊಲ್ಲಾಪುರದ ಇಂಗ್ಲಿಷ್ ಸಾಲಿಗೆ ಹಾಕಿದ್ದು ಕಡೆಗೂ ಉಪಯೋಗಕ್ಕೆ ಬಂತು ನೋಡು. ದಿನಕ್ಕೆ ಒಂದು ಸಾಲು ಓದುತ್ತೇನೆ. ಎಲ್ಲ ಓದಿ ಮುಗಿಸುವುದಕ್ಕೆ ದೀಪಾವಳಿ ಆಗುತ್ತದೆ.

ಇದನ್ನು ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಓದಿ ಹೇಳು. ಆದರೆ ನಾನು ಬರೆದಷ್ಟೇ ಓದು. ನಾನು ಬೋರ್ಡಿಂಗಿನಿಂದ ‘ಜ್ವರ ಬಂದಿದೆ’ ಎಂದು ಬರೆದರೆ ನೀನು ಅವ್ವನಿಗೆ ‘ಸಾವಿ ಚಲೋ ಅದಾಳ, ಎರಡ ರೊಟ್ಟಿ ಉಣ್ಣತಾಳ’ ಎಂದು ಓದುತ್ತಿದ್ದೆಯಂತೆ. ಅವ್ವನೇ ಹೇಳಿದ್ದಾಳೆ. ಸಂಗವ್ವನನ್ನೂ ಕರೆ. ಕಂಬಳಿ ಬಹಳ ಬೆಚ್ಚಗಿದೆ ಎಂದು ಹೇಳು. ‘ಶಿದ್ರಾಯಗಂತ ನೇಯಿಸಿದ್ದು, ಅಂವ ಬರೂತನಕ ನೀ ಹೊದ್ಕೊ, ಬಂದಮ್ಯಾಲ ಇನ್ನೊಂದ ನೇಯಿಸ್ತೀನಿ’ ಎಂದು ಆಕೆ ಹೇಳಿದ್ದು ನನಗೆ ರೊಕ್ಕದ ಉಡುಗೊರೆಗಿಂತ ದೊಡ್ಡದು. ಆಕೆಯ ಗಂಡ ದಂಡಿಗೆ ಹೋಗಿ ಹನ್ನೆರಡು ವರ್ಷವಾಯಿತಲ್ಲವೇ. ಈಚೆಗೆ ಅವನ ಕಾಗದ ಬಂತೇ?

ಕುಣಿಯುತ್ತಿರುವ ನಿನ್ನ ತಂಗಿ,
ಸಾವಿತ್ರಿ


ಬಾಲಗಾಂವ,
೨೨ ಸಪ್ಟೆಂಬರ್ ೧೯೫೪

ಚಿರಂಜೀವಿ ಸಾವಿಗೆ ಅಣ್ಣನ ಆಶೀರ್ವಾದ.

ನಿನ್ನ ಪತ್ರ ಓದಿದೆ, ಬರೆದಷ್ಟೇ ಓದಿದೆ. ಅವ್ವ ಕೇಳಿ, ‘ಸತ್ತವರ ಬಾಜೂಕ ಸಂಸಾರ ಹೂಡ್ಯಾಳ, ಇದಕೇನ ಇಂಗ್ಲಿಷ್ ಸಾಲಿ ಬೇಕಾಗಿತ್ತು?’ ಎಂದಳು. ಆಮೇಲೆ ನಳ ಮನೆಯೊಳಗೇ ಇದೆಯೋ ಹೊರಗೋ ಎಂದು ಎರಡು ಸಲ ಕೇಳಿದಳು. ಹಿತ್ತಲಲ್ಲೇ ಇದೆ ಎಂದ ಮೇಲೆ ಸಮಾಧಾನವಾಯಿತು.

ಸಂಗವ್ವ ಕುರಿ ಬಿಟ್ಟು ಬಂದು ಕುಳಿತು ಕೇಳಿದಳು. ‘ಅಷ್ಟ ಮಂದಿ ಸಿಪಾಯರ ಹೆಸರ ಇದ್ದಲ್ಲಿ, ಅವನ ಜೋಡಿ ಇದ್ದವರು ಯಾರರ ಬಂದ ಹೋಗತಿರಬೇಕು. ಸಾವಿತ್ರೆವ್ವಗ ಕೇಳಂತ ಬರಿ’ ಎಂದಳು. ಬರೆದಿದ್ದೇನೆ. ಆದರೆ ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊಸದಾಗಿ ಸಂಸಾರ ಹೂಡಿದ ಹುಡುಗಿ ಅಂಥ ಕಲ್ಲುಗಳನ್ನು ಓದುತ್ತ ತಿರುಗುವುದು ಚಲೋ ಅಲ್ಲ. ಹೂವು ನೋಡು, ಸಾಕು.

ಮಳೆ ಒಂದು ಆಗಿದೆ. ಬಿಳಿಜೋಳ ಬಿತ್ತಬೇಕು. ಅಳಿಯಂದಿರು ಅಣ್ಣಾರಾಯರಿಗೆ ನಮಸ್ಕಾರ ತಿಳಿಸು.

ಅಮೋಘಸಿದ್ದಪ್ಪ ಗುರುಲಿಂಗಪ್ಪ


ಪುಣೆ,
೩ ಅಕ್ಟೋಬರ್ ೧೯೫೪

ಅಣ್ಣಾ,

ನೀನು ಸತ್ತು ಹತ್ತು ವರ್ಷವಾಗಿದೆ.

ನಗಬೇಡ. ಮೊದಲು ನಾನೂ ನಕ್ಕೆ. ಈ ಕಾಗದವನ್ನು ಮಾತ್ರ ಕಟ್ಟೆಯ ಮೇಲೆ ಓದಬೇಡ, ಅವ್ವನಿಗೆ ನನ್ನ ಕ್ಷೇಮ ಹೇಳಿ ಮಡಚಿ ಇಟ್ಟುಕೊ.

ನಿನ್ನೆ ಸಂಜೆ ಇವರು ಪೈಪು ನೋಡಲು ಹೊರಟಿದ್ದರು, ನಾನೂ ಜೊತೆಗೆ ಹೋದೆ. ಬಾವಿಯ ಕಡೆಯ ಸಾಲನ್ನು ನಾನು ಇನ್ನೂ ಓದಿರಲಿಲ್ಲ. ನಡೆಯುತ್ತ ನಡೆಯುತ್ತ ಗಟ್ಟಿಯಾಗಿ ಓದುತ್ತಿದ್ದೆ. ಇವರು ಹಿಂದಿನಿಂದ, ‘ಬಾಯಿಸಾಹೇಬ್ರು ಹಾಜರಿ ತಗೊಳ್ಳಾಕತ್ತಾರ, ಯಾರಾರ ‘ಹಾಂಜಿ’ ಅಂದಾರು’ ಎಂದು ಚೇಷ್ಟೆ ಮಾಡುತ್ತಿದ್ದರು. ಒಂದು ಕಲ್ಲಿಗೆ ಬಂದೆ. ಬಾಯಿ ಓದಿತು, ಕಿವಿ ಆಮೇಲೆ ಕೇಳಿಸಿಕೊಂಡಿತು. ಅಮೋಘಸಿದ್ದಪ್ಪ ಗುರುಲಿಂಗಪ್ಪ. ಬಾಲಗಾಂವ, ಜತ್ತ ಸಂಸ್ಥಾನ. ೧೯ ಏಪ್ರಿಲ್ ೧೯೪೪. ವಯಸ್ಸು ಇಪ್ಪತ್ತನಾಲ್ಕು.

ನಾನು ಮತ್ತೆ ಓದಿದೆ. ಇವರೂ ಬಗ್ಗಿ ಓದಿದರು. ‘ನಿಮ್ಮ ಅಣ್ಣನ ಹೆಸರಲ್ಲೇನು?’ ಎಂದರು. ಹೌದೆಂದೆ. ‘ಮನ್ನಿ ಮದುವ್ಯಾಗ ನನ್ನ ಕಾಲ ತೊಳದವರು ಯಾರ ಹಂಗಾರ?’ ಎಂದರು. ಅಲ್ಲಿಯವರೆಗೆ ನಕ್ಕವಳು ನಾನು ಆಗ ಆ ಕಲ್ಲಿನ ಮುಂದೆ ಕುಳಿತು ಅದನ್ನು ಮುಟ್ಟಿದೆ. ಕಲ್ಲು ಬಿಸಿಲಿಗೆ ಇನ್ನೂ ಬೆಚ್ಚಗಿತ್ತು. ಅಪ್ಪನ ಹೆಸರು ಅದರ ಮೇಲೆ, ನಮ್ಮ ಊರು ಅದರ ಮೇಲೆ. ಗುಲಾಬಿ ಗಿಡಕ್ಕೆ ಯಾರೋ ಗೊಬ್ಬರ ಹಾಕಿ ಚೆಂದಾಗಿ ನೀರು ಬಿಟ್ಟಿದ್ದಾರೆ, ಹತ್ತು ವರ್ಷದ ಹಿಂದೆ ನೀನು ಸತ್ತದ್ದಕ್ಕೆ.

ನಿನ್ನ ಸಪ್ಟೆಂಬರಿನ ಪತ್ರವನ್ನು ತೆಗೆದು ಅಕ್ಷರ ನೋಡಿದೆ. ನಿನ್ನದೇ ಅಕ್ಷರ. ಹುಚ್ಚಿ ಅನ್ನು. ಆದರೂ ನೋಡಿದೆ.

ನಮ್ಮ ಊರಿನಲ್ಲಿ ಗುರುಲಿಂಗಪ್ಪನ ಮಗ ಅಮೋಘಸಿದ್ದಪ್ಪ ಇನ್ನೊಬ್ಬ ಇದ್ದನೇ? ನನಗೆ ತಿಳಿಯದ ಯಾರಾದರೂ? ಲಗೂನ ಬರೆ. ನನಗೆ ನಿನ್ನೆಯಿಂದ ಚಹಾ ಕೂಡ ಇಳಿಯುತ್ತಿಲ್ಲ.

ನಿನ್ನ
ಸಾವಿ


ಬಾಲಗಾಂವ,
೧೧ ಅಕ್ಟೋಬರ್ ೧೯೫೪

ಸಾವಿಗೆ,

ಕಾರ್ಡು ಹಾಕುತ್ತಿದ್ದೇನೆ, ಜಾಗವಿಲ್ಲ. ಸರಕಾರಿ ಕಾಗದದಲ್ಲಿ ಇಂಥ ತಪ್ಪುಗಳು ಆಗುತ್ತಿರುತ್ತವೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಎಮ್ಮೆ ಈದಿದೆ, ಹೆಣ್ಣುಗರು. ಅವ್ವ, ನಿನ್ನ ಅತ್ತಿಗೆ ಇಬ್ಬರೂ ಚಲೋ ಇದ್ದಾರೆ. ದೀಪಾವಳಿಗೆ ಬರುವುದು ಬೇಡ, ದಾರಿ ಸರಿಯಿಲ್ಲ.

ಅ. ಗು.


ಪುಣೆ,
೧೯ ಅಕ್ಟೋಬರ್ ೧೯೫೪

ಅಣ್ಣಾ,

ನೀನು ಎಮ್ಮೆಯ ವಿಷಯ ಬರೆದಿದ್ದೀ. ನಾನು ಕಲ್ಲಿನ ವಿಷಯ ಕೇಳಿದ್ದೆ.

ಕಲ್ಲು ಕೊರೆಯುವ ಮೊದಲು ಹೆಸರು ತಾಳೆ ನೋಡಲು ಪಲಟಣದಿಂದ ಕಾಗದಗಳ ನಕಲು ಬಂದಿದ್ದವಂತೆ. ಅವು ಇವರ ಆಫೀಸಿನ ಕಪಾಟಿನಲ್ಲಿವೆ. ನಾನು ಅತ್ತೆ. ಅತ್ತದ್ದಕ್ಕೇ ಇವರು ಭಾನುವಾರ ನನ್ನನ್ನು ಒಳಗೆ ಕರೆದೊಯ್ದು ಆ ಒಂದು ಹಾಳೆ ತೋರಿಸಿದರು. ತೋರಿಸಬಾರದಿತ್ತು. ಇದನ್ನು ಯಾರಿಗೂ ಹೇಳಬೇಡ.

ಎತ್ತರ ಐದು ಅಡಿ ಹತ್ತು ಇಂಚು. ಅಣ್ಣಾ, ಊರಲ್ಲಿ ನಮ್ಮ ಅಡಿಗೆಮನೆಯ ಬಾಗಿಲಿಗೆ ಎಲ್ಲರ ತಲೆಯೂ ಬಡಿಯುತ್ತದೆ, ನಿನ್ನ ತಲೆ ಒಂದು ದಿನವೂ ಬಡಿದಿಲ್ಲ. ಗುರುತು: ಎಡಗಡೆಯ ಹುಬ್ಬು ಸೀಳಿದ ಹಳೆಯ ಗಾಯ.

ಆ ಗಾಯದಲ್ಲಿ ನನ್ನ ಬೆರಳು ಇಟ್ಟಿದ್ದೇನೆ. ಆರು ವರ್ಷದವಳಿದ್ದಾಗ ಶಿದ್ರಾಯ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುತ್ತಿದ್ದ. ‘ಇದೇನೋ?’ ಎಂದು ಕೇಳಿದರೆ, ‘ಟಗರು ನನಗ ಮುದ್ದು ಕೊಟ್ಟಿದ್ದು’ ಎನ್ನುತ್ತಿದ್ದ.

ಅದೇ ಹಾಳೆಯ ಮೇಲೆ ಇನ್ನೂ ಎರಡು ಸಾಲಿವೆ. ವಾರಸುದಾರ: ತಂದೆ ಗುರುಲಿಂಗಪ್ಪ. ಲಗ್ನ: ಆಗಿಲ್ಲ.

ಆಗಿಲ್ಲವಂತೆ. ಸಂಗವ್ವ ಆ ಕಾಗದದಲ್ಲಿ ಇಲ್ಲವೇ ಇಲ್ಲ.

ಇನ್ನು ನನ್ನ ತಪ್ಪನ್ನೂ ಹೇಳುತ್ತೇನೆ. ಯುದ್ಧ ಮುಗಿದ ವರ್ಷ ರಜೆಗೆ ಬಂದಿದ್ದೆ, ನನಗೆ ಹತ್ತು ವರ್ಷ. ನೀನು ಕಟ್ಟೆಯ ಮೇಲೆ ಕುಳಿತು ಸಂಗವ್ವನಿಗೆ ಶಿದ್ರಾಯನ ಕಾಗದ ಓದುತ್ತಿದ್ದೆ. ‘ಇಲ್ಲಿ ಮಳಿ ಭಾಳ, ಕಂಬಳಿ ನೆನದು ಭಾರ ಆಗತದ, ನಮ್ಮ ಕಡೀ ಒಣಾ ಗಾಳಿ ನೆನಪ ಆಗತದ’ ಎಂದು ಓದಿದ್ದೆ. ನಾನು ಎದುರಿನಿಂದ ಬಗ್ಗಿ ನೋಡಿದೆ. ನನ್ನ ಕಡೆಗಿದ್ದ ಮಗ್ಗುಲಲ್ಲಿ ಇಂಗ್ಲಿಷಿನಲ್ಲಿ ಸಾಬೂನಿನ ದರಪಟ್ಟಿ ಅಚ್ಚಾಗಿತ್ತು. ನಾನು ಕೇಳಿದ್ದಕ್ಕೆ ನೀನು, ‘ಮಿಲಿಟರ್‍ಯಾಗ ಕಾಗದ ಸಿಗೂದಿಲ್ಲ, ಸಿಕ್ಕಿದ್ದರ ಹಿಂದ ಬರೀತಾರ’ ಎಂದೆ. ಹಿಂದೆ ತಿರುವಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಅಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ.

ಅದರ ಹಿಂದೆ ಏನು ಇತ್ತು, ಅಣ್ಣಾ?

ಸಾವಿತ್ರಿ


ಬಾಲಗಾಂವ,
೨೧ ನವೆಂಬರ್ ೧೯೫೪

ಸಾವಿಗೆ,

ಅದರ ಹಿಂದೆ ಏನೂ ಇರಲಿಲ್ಲ.

ತಿಂಗಳ ಮೇಲಾಯಿತು, ಬರೆಯಲು ಕೈ ಬರಲಿಲ್ಲ. ಈಗ ಬರೆಯುತ್ತೇನೆ.

ನಲವತ್ತೆರಡರಲ್ಲಿ ಜತ್ತಿಗೆ ದಂಡಿನ ಭರ್ತಿಯವರು ಬಂದಿದ್ದರು. ಓದುಬರಹ ಬಂದವರಿಗೆ ಚಲೋ ಜಾಗ ಎಂದರು. ನಾನು ಏಳನೆಯ ಇಯತ್ತೆ ಪಾಸಾದ ಜಂಬದಲ್ಲಿ ಹೆಸರು ಕೊಟ್ಟು ಚೀಟಿ ಇಸಕೊಂಡು ಬಂದೆ. ಅವ್ವ ಮೂರು ದಿನ ಬಾಗಿಲಿಗೆ ಅಡ್ಡ ಮಲಗಿದಳು, ಹನಿ ನೀರು ಮುಟ್ಟಲಿಲ್ಲ. ನಾಲ್ಕನೆಯ ದಿನ ಶಿದ್ರಾಯ ಹಾಲು ಕೊಡಲು ಬಂದವ, ‘ಯವ್ವಾ, ಏಳ್ರಿ. ಆ ಚೀಟಿ ನನಗ ಕೊಡ್ರಿ. ಕುರಿ ಹಿಂದ ಭಾಳ ತಿರಗೀನಿ, ಇನ್ನ ರೈಲಿನ್ಯಾಗ ತಿರಗತೀನಿ’ ಎಂದು ನಕ್ಕ. ಚೀಟಿಯಲ್ಲಿ ಹೆಸರಿತ್ತು, ಮುಖ ಇರಲಿಲ್ಲ. ಅಪ್ಪ ಹಳ್ಳದ ದಂಡೆಯ ಹೊಲದಲ್ಲಿ ಅವನ ಕುರಿಗೆ ಕಾಯಂ ಹಟ್ಟಿಯ ಜಾಗ ಕೊಟ್ಟ. ನಾವೆಲ್ಲರೂ, ಸಂಗವ್ವನೂ, ದೇವರ ಅರಿಶಿನದ ಭಂಡಾರ ಮುಟ್ಟಿ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದೆವು. ನೀನು ಚಿಕ್ಕವಳೆಂದು ನಿನಗೆ ತಿಳಿಸಲಿಲ್ಲ.

ಎರಡು ವರ್ಷ ಕಾಗದ ಬಂದವು. ಯಾರೋ ಜೊತೆಗಾರ ಮರಾಠಿಯಲ್ಲಿ ಬರೆದುಕೊಡುತ್ತಿದ್ದ, ಕೆಳಗೆ ನನ್ನ ಹೆಸರು ಇರುತ್ತಿತ್ತು. ನಾನು ಸಂಗವ್ವನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ನಲವತ್ತನಾಲ್ಕರ ಮೇ ತಿಂಗಳಲ್ಲಿ ದಂಡಿನಿಂದ ತಂತಿ ಬಂತು. ಅಪ್ಪ ಜತ್ತಿಗೆ ಹೋಗಿ ಓದಿಸಿಕೊಂಡ. ‘ನಿಮ್ಮ ಮಗ ತೀರಿಕೊಂಡ’ ಎಂದು ಅವರು ಅಪ್ಪನ ಕೈ ಹಿಡಿದು ಅತ್ತರಂತೆ, ಅಪ್ಪನೂ ಅತ್ತ. ಮನೆಗೆ ಬಂದು ನನಗೊಬ್ಬನಿಗೇ ಹೇಳಿದ. ಸುದ್ದಿ ಹೊರಬಿದ್ದರೆ ಸುಳ್ಳು ಹೆಸರಿನ ಗುನ್ಹೆಗೆ ಮಗ ಜೇಲಿಗೆ ಹೋಗುತ್ತಾನೆ ಎಂದು ಅವನ ಹೆದರಿಕೆ. ನನಗೂ ಅದೇ.

ಮರುದಿನ ಸಂಗವ್ವ ಬಂದು, ‘ಟಪಾಲ ಬಂದಿತ್ತಂತಲ್ಲ, ಓದ ಯಣ್ಣಾ’ ಎಂದಳು. ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಸಾಬೂನಿನ ಪಟ್ಟಿ ಇತ್ತು. ತೆಗೆದುಕೊಂಡೆ. ಓದಿದೆ. ಒಂದೇ ಸಲಕ್ಕೆ ಎಂದುಕೊಂಡಿದ್ದೆ. ಎಂಟು ವರ್ಷ ಓದಿದೆ. ಅಪ್ಪ ಸತ್ತ ಮೇಲೂ ಓದಿದೆ. ಯುದ್ಧ ಮುಗಿದ ಮೇಲೆ ಅವನನ್ನು ಮಲಾಯಾಕ್ಕೆ ಕಳಿಸಿದೆ, ಅಲ್ಲಿ ತೋಟದ ಕಾವಲಿಗೆ ಇಟ್ಟೆ. ಎರಡು ವರ್ಷದಿಂದ ಓದುವುದಕ್ಕೆ ಏನೂ ಹೊಳೆಯದೆ ಬಿಟ್ಟಿದ್ದೆ.

ಮೊನ್ನೆ ಸೋಮವಾರ ಅವಳ ಹಟ್ಟಿಗೆ ಹೋಗಿ ಹೇಳಿದೆ. ಅವ್ವನನ್ನೂ ಕರೆದೊಯ್ದಿದ್ದೆ, ಅವಳಿಗೂ ಅಲ್ಲಿಯೇ ಗೊತ್ತಾಯಿತು.

ಸಂಗವ್ವ ಅಳಲಿಲ್ಲ. ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದೆ ಸುರಿದಳು. ನಾನು ಓದಿದ ಮೇಲೆ ಕಾಗದಗಳನ್ನು ಇಸಕೊಂಡು ಹೋಗುತ್ತಿದ್ದಳಲ್ಲ, ಎಲ್ಲ ಅದರಲ್ಲಿದ್ದವು. ‘ಇದರಾಗ ಖರೇವು ಯಾವು, ಬ್ಯಾರೆ ಮಾಡು’ ಎಂದಳು.

ಮಾಡಿದೆ. ಖರೆಯವು ಒಂದು ಹಿಡಿಯೂ ಆಗಲಿಲ್ಲ. ಉಳಿದವು ಸಾಬೂನಿನವು, ಬೀಜದ ಅಂಗಡಿಯವು, ಒಂದು ಪಂಚಾಂಗದ ಹಾಳೆ. ಅವಳು ಆ ಪಂಚಾಂಗದ ಹಾಳೆಯನ್ನು ಎತ್ತಿ ಹಿಡಿದಳು.

‘ಇದು ನನಗ ಗುರುತದ, ಮೂಲ್ಯಾಗ ಎಣ್ಣಿ ಬಿದ್ದದ. ಬಾಜೂ ಹಟ್ಟಿ ಮಲಕವ್ವನ ಮೈದುನ ಉಡಿಕಿ ಕೇಳಾಕ ಬಂದ ವಾರ ಓದಿದ್ದಿ. ಏನಂತ ಓದಿದ್ದಿ?’

ಹಾಳೆ ಇಸಕೊಳ್ಳಲು ಕೈ ಚಾಚಿದೆ. ಅವಳು ಕೊಡದೆ ತಾನೇ ಹೇಳಿದಳು.

‘‘ಬರೂ ವರ್ಷ ಬರತೀನಿ, ನನ್ನ ಹಾದಿ ನೋಡು’ ಅಂತ ಓದಿದ್ದಿ. ನಾ ಅವಗ ಇಲ್ಲಂದೆ. ನನಗ ಆಗ ಇಪ್ಪತ್ತನಾಕು, ಯಣ್ಣಾ.’

ಅವಳನ್ನು ಉಡಿಕೆಯಾಗಿ ಮತ್ತೆ ಮದುವೆ ಮಾಡಿಕೊಡುವ ಮಾತು ನಡೆದಿದ್ದು ನನಗೆ ಗೊತ್ತಿರಲಿಲ್ಲ, ಸಾವಿ. ಅವಳು ಸಪ್ಪಗಿದ್ದಳು, ಸಮಾಧಾನ ಆಗಲಿ ಎಂದು ಓದಿದ್ದೆ.

ಅವ್ವ ಎದ್ದು ಹೋಗಿ ಅವಳ ಕೈ ಹಿಡಿದು, ಬಳೆ ತೆಗೆಯುವ ಮಾತು ಆಡಿದಳು. ಊರ ರೀತಿ ಮಾಡಬೇಕಲ್ಲ. ಸಂಗವ್ವ ಕೈ ಬಿಡಿಸಿಕೊಂಡು, ‘ಕಲ್ಲಿನ ಮ್ಯಾಲೆ ಯಾರ ಹೆಸರದ?’ ಎಂದು ನನ್ನನ್ನು ಕೇಳಿದಳು. ನನ್ನದು ಎಂದೆ. ‘ಹಂಗಾರ ಸತ್ತವ ನೀ. ನಿನ್ನ ಹೇಣತಿ ತಗೀಲಿ ಬಳಿ. ನನ್ನ ಗಂಡ ಸತ್ತಾನಂತ ಎಲ್ಲಿ ಬರದದ, ತೋರಿಸು. ಬರದಿದ್ದನ್ನ ಬರದಷ್ಟ ಓದಿ ತೋರಿಸು. ಅವತ್ತ ತಗೀತೀನಿ.’

ಖರೆಯ ಕಾಗದಗಳನ್ನು ಎದೆಗೆ ಇಟ್ಟುಕೊಂಡಳು. ಸುಳ್ಳಿನವನ್ನು ಒಲೆಗೆ ಹಾಕಲೇ ಎಂದೆ. ‘ಮುಟ್ಟಬ್ಯಾಡ’ ಎಂದಳು. ‘ಅವನ ಜೋಡಿ ಬಾಳಿದ್ದು ಮೂರು ವರ್ಷ. ಇವುಗಳ ಜೋಡಿ ಎಂಟು.’ ಎಲ್ಲವನ್ನೂ ಮತ್ತೆ ಡಬ್ಬಿಗೆ ತುಂಬಿದಳು.

ಅವ್ವ ನನಗೆ ರೊಟ್ಟಿ ಬಡಿಸುತ್ತಾಳೆ. ಮುಖ ನೋಡುವುದಿಲ್ಲ. ತನಗಾಗಿಯೇ ಇದೆಲ್ಲ ಆಯಿತು ಎಂದು ಒಬ್ಬಳೇ ಅನ್ನುತ್ತಿರುತ್ತಾಳೆ.

ಕಲ್ಲಿನ ಮೇಲಿನ ಹೆಸರನ್ನು ಬದಲಿಸಲು ಏನು ಮಾಡಬೇಕು, ಅಣ್ಣಾರಾಯರನ್ನು ಕೇಳಿ ಬರೆ. ಜೇಲಾದರೆ ಆಗಲಿ.

ಅಮೋಘಸಿದ್ದಪ್ಪ


ಪುಣೆ,
೨ ಡಿಸೆಂಬರ್ ೧೯೫೪

ಅಣ್ಣಾ,

ನಿನ್ನ ಪತ್ರವನ್ನು ಅಡಿಗೆಮನೆಯಲ್ಲಿ ನಿಂತೇ ಓದಿದೆ. ಹಾಲು ಉಕ್ಕಿ ಹೋಯಿತು. ಇವರು ಬಂದು ಸ್ಟೋವು ಆರಿಸಿದರು, ಪತ್ರ ಓದಿದರು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ನಿನ್ನ ಮೇಲೆ ಸಿಟ್ಟು ಇಲ್ಲ ಎಂದು ಬರೆಯಲಾರೆ. ನನಗೆ ಜ್ವರ ಬಂದಾಗ ಅವ್ವನಿಗೆ ‘ಚಲೋ ಅದಾಳ’ ಎಂದು ಓದಿದ ಬಾಯಿಯೇ ಇದನ್ನೂ ಓದಿತು. ಅದಕ್ಕೆ ನಾನು ನಗುತ್ತಿದ್ದೆ. ಆ ನಗುವನ್ನು ಈಗ ಎಲ್ಲಿ ಇಡಲಿ?

ಇವರು ಮರುದಿನವೇ ಮೇಲಿನ ಸಾಹೇಬರಿಗೆ ಎಲ್ಲ ಹೇಳಿದರು, ಕಪಾಟು ತೆಗೆದು ನನಗೆ ಹಾಳೆ ತೋರಿಸಿದ್ದನ್ನೂ ಸೇರಿಸಿ. ಸಾಹೇಬರು ಬೈದರಂತೆ. ಬೈದ ಮೇಲೆ ಒಂದು ಅರ್ಜಿಯ ನಮೂನೆ ಕೊಟ್ಟರು. ನೀನು ಜತ್ತದ ಮಾಮಲೇದಾರರ ಎದುರಿಗೆ ನಿಂತು, ನಾನೇ ಬಾಲಗಾಂವದ ಅಮೋಘಸಿದ್ದಪ್ಪ, ಬದುಕಿದ್ದೇನೆ, ನನ್ನ ಚೀಟಿಯ ಮೇಲೆ ಹೋಗಿ ಸತ್ತವನು ಶಿದ್ರಾಯ ಎಂದು ಹೇಳಿ ಸಹಿ ಮಾಡಬೇಕು. ಸಂಗವ್ವ ಹೆಂಡತಿ ಎಂದು ಹೆಬ್ಬೆಟ್ಟು ಒತ್ತಬೇಕು. ಊರಿನ ಇಬ್ಬರು ಹಿರಿಯರು ಹೌದೆನ್ನಬೇಕು. ಆಮೇಲೆ ಕಲ್ಲು ಬದಲಾಗುತ್ತದೆ. ನಿನಗೆ ಏನಾಗುತ್ತದೆ ಎಂದು ಕೇಳಿದೆ. ಇವರು ಸುಳ್ಳು ಹೇಳುವವರಲ್ಲ. ‘ಗೊತ್ತಿಲ್ಲ, ಏನಾರ ಆಗಬಹುದು’ ಎಂದರು.

ನಿನ್ನೆ ಸಂಜೆ ಆ ಕಲ್ಲಿನ ಹತ್ತಿರ ಹೋದೆ. ಕಂಬಳಿಯನ್ನು ತೆಗೆದುಕೊಂಡು ಹೋಗಿದ್ದೆ, ಯಾಕೆಂದು ನನಗೇ ತಿಳಿಯದು. ಹೊದಿಸೋಣವೆಂದರೆ ಕಲ್ಲಿನ ಮೇಲೆ ಇದ್ದದ್ದು ನಿನ್ನ ಹೆಸರು. ಕೈಯಲ್ಲೇ ಹಿಡಿದುಕೊಂಡು ಮರಳಿ ಬಂದೆ. ಅದನ್ನು ಸಂಗವ್ವನಿಗೆ ಕೊಟ್ಟುಬಿಡುತ್ತೇನೆ. ಹೊಸ ಕಲ್ಲು ನಿಂತ ದಿನ ಆಕೆಯೇ ಇಲ್ಲಿಗೆ ಬಂದು, ಎಲ್ಲಿ ಹಾಸಬೇಕೋ ಹಾಸಲಿ. ನಮ್ಮ ಮನೆಯಲ್ಲೇ ಇಳಿದುಕೊಳ್ಳಲಿ, ನಳದ ನೀರು ಕಾಸಿ ಕೊಡುತ್ತೇನೆ.

ಅರ್ಜಿ ಇಂಗ್ಲಿಷಿನಲ್ಲಿದೆ. ಕಳಿಸಿದರೆ ನೀನು ಯಾರಿಂದಲಾದರೂ ಓದಿಸಬೇಕಾಗುತ್ತದೆ. ಅದು ಬೇಡ. ಸಂಗವ್ವ ನಮ್ಮ ಕಟ್ಟೆಯ ಮೇಲೆ ಕುಳಿತುಕೊಳ್ಳಲಿ. ಈ ಸಲ ನಾನು ಓದುತ್ತೇನೆ. ಕಾಗದದ ಎರಡೂ ಮಗ್ಗುಲು ಆಕೆಗೆ ತೋರಿಸಿ, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಶಿದ್ರಾಯ ಎಂಬ ಹೆಸರು ಎಲ್ಲಿದೆ, ಹೆಂಡತಿ ಸಂಗವ್ವ ಎಂದು ಎಲ್ಲಿದೆ ಎಂದು ಮುಟ್ಟಿಸಿ ಓದುತ್ತೇನೆ. ಆಮೇಲೆ ಮೂವರೂ ಜತ್ತಕ್ಕೆ ಹೋಗೋಣ.

ಇವರಿಗೆ ರಜೆ ಇಲ್ಲ, ಒಬ್ಬಳೇ ಬರುತ್ತೇನೆ. ಅವ್ವನಿಗೆ ಹೇಳು, ಹೆದರುವುದು ಬೇಡ. ಚಕ್ಕಡಿಯನ್ನು ನೀನೇ ಹೊಡೆದುಕೊಂಡು ಬಾ, ಆಳನ್ನು ಕಳಿಸಬೇಡ. ಸಂಗವ್ವ ಬರುತ್ತೇನೆ ಎಂದರೆ ಆಕೆಯನ್ನು ಮುಂದೆ ಕೂರಿಸಿಕೊಂಡು ಬಾ. ಗುರುವಾರ ರಾತ್ರಿ ಪುಣೆ ಬಿಟ್ಟು, ಸೊಲ್ಲಾಪುರದಲ್ಲಿ ಇಳಿದು ಗಾಡಿ ಬದಲಿಸುತ್ತೇನೆ. ಡಿಸೆಂಬರ್ ಹತ್ತು, ಶುಕ್ರವಾರ ಮುಂಜಾನೆ, ವಿಜಾಪುರದ ಕಡೆಗೆ ಹೋಗುವ ಗದಗ ಗಾಡಿಯಲ್ಲಿ ಇಂಡಿ ರೋಡ್ ಸ್ಟೇಶನ್ನಿಗೆ ಬಂದು ಇಳಿಯುತ್ತೇನೆ.

ಸಾವಿತ್ರಿ